ತಾಯಿ ನಾಯಿಯನ್ನು ತೋರಿಸಲ್ಲ ಅಂದರೆ ಮರಿ ತರಬೇಡಿ

ಬಳ್ಳಾರಿ, ಹೊಸಪೇಟೆ, ಗಂಗಾವತಿ ಕಡೆ ನಾಯಿಮರಿ ಹುಡುಕುತ್ತಿರುವವರು ಇದನ್ನೊಮ್ಮೆ ಓದಿ. ಮಾರುವವರು ತಾಯಿ ನಾಯಿಯನ್ನು ಮರಿಗಳ ಜೊತೆ ತೋರಿಸಲು ಒಪ್ಪದಿದ್ದರೆ ಅಲ್ಲಿಗೇ ಮಾತು ನಿಲ್ಲಿಸಿ. ಫೋಟೊ ಎಷ್ಟೇ ಮುದ್ದಾಗಿರಲಿ, ರೇಟು ಎಷ್ಟೇ ಕಡಿಮೆ ಇರಲಿ.

ಮನೆಯಲ್ಲಿ ಮಕ್ಕಳಿದ್ದಾರೆ, ಹೊಂದಿಕೊಂಡು ಹೋಗೋ ನಾಯಿ ಇರಲಿ ಅಂತ ನಾವು ಲ್ಯಾಬ್ರಡಾರ್ ಹುಡುಕುತ್ತಿದ್ದೆವು. ವಾಟ್ಸಾಪ್ ಗುಂಪೊಂದರಲ್ಲಿ ಜಾಹೀರಾತು ಬಂತು. ‘ಡಬಲ್ ಬೋನ್, ಪಂಚ್ ಫೇಸ್, 45 ದಿನದ ಮರಿ, ಲಸಿಕೆ ಆಗಿದೆ.’ (ದಪ್ಪ ಮೂಳೆ, ಮೋಟು ಮೂತಿ ಅನ್ನೋದಕ್ಕೆ ಮಾರುವವರ ಭಾಷೆ ಅದು.) ಒಂಬತ್ತು ಸಾವಿರ. ಕೆಸಿಐ ಪೇಪರ್, ಅಂದರೆ ವಂಶದ ದಾಖಲೆ, ಬೇಕಾದರೆ ಮೇಲೆ ಐದು ಸಾವಿರ. ಈ ಪೇಪರ್ ವಿಷಯ ತಿಳಿದುಕೊಳ್ಳಿ. ತಂದೆ ತಾಯಿ ಎರಡೂ ಕೆನಲ್ ಕ್ಲಬ್ ಆಫ್ ಇಂಡಿಯಾದಲ್ಲಿ (ಕೆಸಿಐ) ನೋಂದಣಿ ಆಗಿದ್ದರೆ ಮರಿಗೂ ಪೇಪರ್ ಆಗುತ್ತದೆ, ಇಲ್ಲದಿದ್ದರೆ ಇಲ್ಲ. ಕೇಳಿದವರಿಗೆ ಮಾತ್ರ ಬಡಿಸೋಕೆ ಅದು ಉಪ್ಪಿನಕಾಯಿ ಅಲ್ಲ. ಇನ್ನೊಂದು, ಪೇಪರ್ ಹೇಳುವುದು ವಂಶದ ಬಗ್ಗೆ ಮಾತ್ರ. ಮರಿ ಆರೋಗ್ಯವಾಗಿದೆ ಅಂತ ಅದು ಹೇಳೋದಿಲ್ಲ.

ಮನೆಗೇ ಬಂದು ನೋಡ್ತೀವಿ ಅಂದರೆ ಮಾರುವವನು, "ಅಕ್ಕಾ, ಈ ಬಿಸಿಲಾಗ ನೀವ್ಯಾಕ ಬರ್ತೀರಿ? ಹೊಸಪೇಟಿ ಬಸ್ ಸ್ಟ್ಯಾಂಡಿಗೆ ನಾನೇ ತರ್ತೀನಿ" ಅಂದ. ತಾಯಿ ಎಲ್ಲಿ ಅಂದಿದ್ದಕ್ಕೆ ಒಂದು ವಿಡಿಯೋ ಕಳಿಸಿದ. ದಪ್ಪನೆಯ ಲ್ಯಾಬ್ ಒಂದು ಸುಮ್ನೆ ಕೂತಿತ್ತು, ಪಕ್ಕದಲ್ಲಿ ಒಂದು ಮರಿಯೂ ಇಲ್ಲ. ಆಮೇಲೆ ಆ ವಿಡಿಯೋ ನೋಡಿದ ಪಶುವೈದ್ಯರು, "ಹಾಲೂಡಿಸೋ ನಾಯಿ ಮೊಲೆ ಜೋತುಬಿದ್ದಿರುತ್ತೆ ಅಮ್ಮಾ, ಇದರ ಹೊಟ್ಟೆ ನೋಡಿ, ಇದು ಮರಿ ಹಾಕಿದ ನಾಯಿ ಥರ ಇಲ್ಲ" ಅಂದರು.

ಮರಿ ಬಂದದ್ದು ರಟ್ಟಿನ ಡಬ್ಬದಲ್ಲಿ. ಹೊಟ್ಟೆ ಗುಂಡಗೆ ಉಬ್ಬಿತ್ತು. ನೋಡಿದವರೆಲ್ಲ ಚೆನ್ನಾಗಿ ತಿಂದಿದೆ ಅಂದರು. ಅದು ಜಂತಿನ ಹೊಟ್ಟೆ. ಲಸಿಕೆ ಪುಸ್ತಕ ಕೊಟ್ಟಿದ್ದ, ಅದನ್ನು ಈಗಲೂ ಇಟ್ಟುಕೊಂಡಿದ್ದೇನೆ. ಎರಡು ತಾರೀಖು, ಎರಡೂ ಒಂದೇ ನೀಲಿ ಪೆನ್ನಿನಲ್ಲಿ. ಲಸಿಕೆ ಬಾಟಲಿಯ ಸ್ಟಿಕ್ಕರ್ ಅಂಟಿಸಬೇಕಾದ ಜಾಗ ಖಾಲಿ. ಡಾಕ್ಟರ ಸೀಲಿಲ್ಲ, ರಿಜಿಸ್ಟ್ರೇಷನ್ ನಂಬರಿಲ್ಲ. ಅವನೇ ಹೇಳಿದ ಹುಟ್ಟಿದ ದಿನದಿಂದ ಲೆಕ್ಕ ಹಾಕಿದರೆ ಮೊದಲ ಲಸಿಕೆ ಮೂರೇ ವಾರಕ್ಕೆ ಬಿದ್ದಂತಾಯಿತು. ಮೊದಲ ಲಸಿಕೆ ಸಾಮಾನ್ಯವಾಗಿ ಆರರಿಂದ ಎಂಟು ವಾರಕ್ಕೆ ಹಾಕುವುದು.

ಮಾರನೇ ದಿನ ಸಂಜೆಗೇ ವಾಂತಿ ಶುರುವಾಯಿತು. ಆಮೇಲೆ ರಕ್ತ ಬೆರೆತ ಭೇದಿ. ಆ ವಾಸನೆ ಒಮ್ಮೆ ಮೂಗಿಗೆ ಬಿದ್ದರೆ ಮರೆಯೋದಿಲ್ಲ. ದವಾಖಾನೆಯಲ್ಲಿ ಪರೀಕ್ಷೆಯ ಕಿಟ್ ಹಾಕಿ ನೋಡಿದರೆ ಪಾರ್ವೊ, ನಾಯಿಮರಿಗಳ ಕರುಳಿಗೆ ಬರೋ ವೈರಸ್ ರೋಗ. ಈ ವೈರಸ್ ಮೈಗೆ ಹೊಕ್ಕ ಮೇಲೆ ಲಕ್ಷಣ ಕಾಣಿಸಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು. ಅಂದರೆ ರೋಗ ನಮ್ಮ ಮನೆಯಲ್ಲಿ ಅಂಟಿದ್ದಲ್ಲ, ಮರಿಯ ಜೊತೆಗೇ ಬಂದದ್ದು. ಡಾಕ್ಟರು ಬಾಯಿ ತೆರೆದು ನೋಡಿ, ದವಡೆ ಹಲ್ಲೇ ಇನ್ನೂ ಬಂದಿಲ್ಲ, ತಿಂಗಳಾಗಿದ್ದರೆ ಜಾಸ್ತಿ ಅಂದರು. ಪಾರ್ವೊ ವೈರಸ್ಸನ್ನೇ ಕೊಲ್ಲುವ ಔಷಧ ಅಂತ ಇಲ್ಲ. ಡ್ರಿಪ್ ಹಾಕಿ, ವಾಂತಿ ನಿಲ್ಲಿಸಿ, ಅದರ ಶಕ್ತಿ ಉಳಿಸಿಕೊಂಡು ಕಾಯಬೇಕು. ಆ ಪುಟ್ಟ ಮೈಯಲ್ಲಿ ಶಕ್ತಿ ಎಲ್ಲಿತ್ತು? ಸತ್ತುಹೋಯಿತು.

ನಿಜಕ್ಕೆ 45 ದಿನವೇ ಆಗಿದ್ದರೂ ಮಾರುವಂತಿರಲಿಲ್ಲ. 2017ರ ಕೇಂದ್ರದ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. ಮರಿ ಮಾಡಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. 18 ತಿಂಗಳಿಗೆ ಮೊದಲು ಹೆಣ್ಣು ನಾಯಿಯನ್ನು ಕೂಡಿಸುವಂತಿಲ್ಲ, ವರ್ಷಕ್ಕೆ ಒಂದೇ ಸೂಲು. ಇಷ್ಟೆಲ್ಲ ಇದ್ದರೂ ಎಳೆ ಮರಿ ಯಾಕೆ ಮಾರ್ತಾರೆ? ಚಿಕ್ಕದಿದ್ದಷ್ಟೂ ಮುದ್ದು, ಬೇಗ ಹೋಗುತ್ತೆ. ಊಟ, ಲಸಿಕೆಯ ಖರ್ಚೂ ಉಳಿಯುತ್ತೆ.

ಫೋನ್ ಮಾಡಿದರೆ ಅವನು ಹೇಳಿದ್ದು, "ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾ, ಇನ್ನೊಂದ್ ಮರಿ ಕೊಡ್ತೀನಿ". ಇದು ಇನ್ನೂ ದೊಡ್ಡ ಅಪಾಯ. ಪಾರ್ವೊ ಬಂದ ಮನೆಯಲ್ಲಿ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ, ಅಂಗಳದ ಮಣ್ಣಿನಲ್ಲಂತೂ ವರ್ಷದವರೆಗೂ ಇರಬಹುದು. ಫಿನಾಯಿಲ್ ಹಾಕಿ ಒರೆಸಿದರೆ ಸಾಯೋದಿಲ್ಲ, ಬ್ಲೀಚ್ ಬೇಕು. ಅಲ್ಲಿಗೆ ಲಸಿಕೆ ಪೂರ್ತಿಯಾಗದ ಇನ್ನೊಂದು ಮರಿ ತಂದರೆ ಅದೂ ಹೋದಂತೆಯೇ.

ಆಮೇಲೆ ತೋರಣಗಲ್ಲಿನ ಕ್ವಾರ್ಟರ್ಸ್‌ನಲ್ಲಿ ಒಂದು ಮನೆಗೆ ಮರಿ ನೋಡೋಕೆ ಹೋಗಿದ್ದೆವು. ತಾಯಿ ನಾಯಿ ಬಂದು ನಮ್ಮನ್ನು ಮೂಸಿ ನೋಡಿ ಮತ್ತೆ ಮರಿಗಳ ಹತ್ತಿರ ಹೋಗಿ ಮಲಗಿತು. ಆ ಮನೆಯಾಕೆ ನಮ್ಮನ್ನೇ ವಿಚಾರಿಸಿದರು. ಹಗಲು ಮನೆಯಲ್ಲಿ ಯಾರಿರ್ತಾರೆ, ಕಟ್ಟಿ ಹಾಕ್ತೀರಾ, ಊರಿಗೆ ಹೋದರೆ ಯಾರು ನೋಡ್ಕೋತಾರೆ? ಎರಡು ತಿಂಗಳು ತುಂಬುವ ತನಕ ಕೊಡಲ್ಲ, ಸಾಕೋಕೆ ಆಗದಿದ್ದರೆ ನನಗೇ ವಾಪಸ್ ಕೊಡಿ ಅಂದರು. ನನ್ನ ಪ್ರಕಾರ ಮರಿ ತರಬೇಕಾದದ್ದು ಇಂಥವರ ಹತ್ತಿರ. ಬ್ಲೀಚ್ ಹಾಕಿದ್ದೇವೆ, ಆದರೂ ಈ ವರ್ಷ ಮರಿ ಬೇಡ ಅಂತ ಡಾಕ್ಟರು ಹೇಳಿದ್ದಾರೆ. ಹಾಗಾಗಿ ಮುಂದಿನ ಸೂಲಿಗೆ ಹೇಳಿಟ್ಟಿದ್ದೇವೆ.

ಅಂದಹಾಗೆ, ನಮಗೆ ಮರಿ ಮಾರಿದವನ ಪಟ್ಟಿಯಲ್ಲಿ ಹಿಮದ ನಾಡಿನ ನಾಯಿ ಹಸ್ಕಿ ಕೂಡ ಇತ್ತು. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಹಸ್ಕಿ! ಕೇಳಿದವರಿಗೆ ಅದನ್ನೂ ಕೊಡ್ತಾನೆ.

ಈಗ ಫೋನ್ ಎತ್ತುತ್ತಿಲ್ಲ. ಫೋನ್‌ಪೇ ರಸೀದಿ, ಚಾಟ್, ಡಾಕ್ಟರ ಚೀಟಿ ಎಲ್ಲ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ನಿಮಗೂ ಹೀಗಾಗಿದ್ದರೆ ಸಿಟ್ಟಿನಲ್ಲಿ ಚಾಟ್ ಅಳಿಸಿಬಿಡಬೇಡಿ.