ಹಿಗ್ಗಿನ್ಸ್ ದೋಣಿಯ 1:35 ಮಾಡೆಲ್ ಕಿಟ್: ದೋಣಿ ಸರಿ, ಡಬ್ಬಿಯ ಚಿತ್ರ ತಪ್ಪು

1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿಯ ದಡಕ್ಕೆ ಅಮೆರಿಕದ ಸೈನಿಕರನ್ನು ಮುಟ್ಟಿಸಿದ ದೋಣಿಯ ಕಿಟ್ ಇದು. ಮೂಲದ ಉದ್ದ 36 ಅಡಿ ಚಿಲ್ಲರೆ. ಮಾಡೆಲ್ ಹತ್ತಿರಹತ್ತಿರ 31.5 ಸೆಂಟಿಮೀಟರ್. ಅಳತೆ ಪಕ್ಕಾ. ಚುಕ್ಕಾಣಿಯವನ ಜಾಗ ಹಿಂಭಾಗದಲ್ಲಿ ಎಡಕ್ಕೆ, ಅವನ ಹಿಂದೆ ಮೆಷಿನ್‌ಗನ್ನಿನವರು ನಿಲ್ಲುವ ಎರಡು ದುಂಡು ಗುಂಡಿಗಳು, ಎಲ್ಲ ಇರಬೇಕಾದಲ್ಲೇ ಇವೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ತಕರಾರು ಇರುವುದು ಡಬ್ಬಿಯ ಚಿತ್ರ, ಬಣ್ಣ ಹಚ್ಚುವ ಸೂಚನೆಯ ಚೀಟಿಗಳ ಮೇಲೆ. ಎರಡನ್ನೂ ಸಿನಿಮಾ ನೋಡಿ ಮಾಡಿದಂತಿದೆ. ದೋಣಿಯ ಮೈತುಂಬ ತುಕ್ಕು ಹಚ್ಚಿ ಎನ್ನುತ್ತದೆ ಚೀಟಿ. ಆಂಡ್ರ್ಯೂ ಹಿಗ್ಗಿನ್ಸ್ ನ್ಯೂ ಆರ್ಲಿಯನ್ಸ್‌ನಲ್ಲಿ ಕಟ್ಟಿಸಿದ್ದು ಬಹುಪಾಲು ಪ್ಲೈವುಡ್ ದೋಣಿ. ತುಕ್ಕು ಹಿಡಿಯಬಹುದಾದದ್ದು ಮುಂದಿನ ಉಕ್ಕಿನ ಬಾಗಿಲು, ಬಿಗಿದ ರಕ್ಷಣಾ ತಗಡು, ಕೊಂಡಿಗಳು. ಉಳಿದ ಕಡೆ ಬೂದುಬಣ್ಣ ಸವೆದು ಮರ ಕಾಣಬೇಕು.

ದೋಣಿಗಳನ್ನು ತಡೆಯಲು ಜರ್ಮನ್ನರು ತೀರದಲ್ಲಿ ಓರೆಯಾಗಿ ನಿಲ್ಲಿಸಿದ್ದ ಮರದ ದಿಮ್ಮಿಯ ತಡೆಗಳನ್ನೂ ಚಿತ್ರದಲ್ಲಿ ಹಿಂದುಮುಂದಾಗಿ ನಿಲ್ಲಿಸಿದ್ದಾರೆ. ತಗ್ಗಿನ ತುದಿ ಸಮುದ್ರದ ಕಡೆಗೆ, ಎತ್ತರದ ತುದಿ ದಡದ ಕಡೆಗೆ ಇರಬೇಕು. ಉಬ್ಬರದಲ್ಲಿ ಬರುವ ದೋಣಿ ಅದರ ಮೇಲೆ ಹತ್ತಿ ಮಗುಚಲಿ, ಇಲ್ಲವೇ ತುದಿಗೆ ಕಟ್ಟಿದ ಮೈನ್ ಸ್ಫೋಟಕಕ್ಕೆ ತಗಲಲಿ ಎಂಬುದು ಜರ್ಮನ್ನರ ಲೆಕ್ಕ. ಆದ್ದರಿಂದಲೇ ಮೊದಲ ತಂಡಗಳನ್ನು ನೀರು ಇಳಿದು ತಡೆಗಳು ಬಯಲಾಗಿದ್ದ ಹೊತ್ತಿಗೆ ಇಳಿಸಿದರು. ಅದರ ಬೆಲೆಯಾಗಿ ಸೈನಿಕರು ಮರೆಯಿಲ್ಲದ ಮರಳನ್ನು ನೂರಾರು ಗಜ ದಾಟಬೇಕಾಯಿತು. ಈ ಮೊದಲ ತಂಡಗಳ ದೃಶ್ಯ ಮಾಡುವವರು ದೋಣಿಯನ್ನು ತಡೆಗಳ ಆಚೆ, ಸಮುದ್ರದ ಬದಿಗೇ ನಿಲ್ಲಿಸಬೇಕು.

ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಆರಿಸುವಾಗಲೂ ಎಚ್ಚರ. 'ಪಿಎ 26' ಎಂದರೆ ಸ್ಯಾಮ್ಯುಯೆಲ್ ಚೇಸ್ ಹಡಗಿನ ದೋಣಿ, ಹೋದದ್ದು ನಾರ್ಮಂಡಿಯ ಒಮಾಹಾ ಎಂಬ ತೀರಕ್ಕೆ. 'ಪಿಎ 33' ಬೇಫೀಲ್ಡ್ ಹಡಗಿನದು, ಯೂಟಾ ತೀರಕ್ಕೆ. ಒಮಾಹಾದ ಡಾಗ್ ಗ್ರೀನ್ ಭಾಗದಲ್ಲಿ ಮೊದಲು ಇಳಿದ 116ನೇ ರೆಜಿಮೆಂಟಿನ ಎ ಕಂಪನಿ ಬಂದದ್ದು ಬ್ರಿಟಿಷರ ಎಲ್‌ಸಿಎ ದೋಣಿಗಳಲ್ಲಿ. ಆ ದೃಶ್ಯಕ್ಕೆ ಈ ಕಿಟ್ ಒಗ್ಗುವುದಿಲ್ಲ.

ದಾವಣಗೆರೆಯಲ್ಲಿ ಕಟ್ಟುವವರಿಗೆ: ಏಪ್ರಿಲ್ ಬಿಸಿಲಲ್ಲಿ ಕೊರಿಯರ್ ಗಾಡಿಯಲ್ಲಿ ಬಂದ ಡಬ್ಬಿಯಾದರೆ ಉದ್ದನೆಯ ಬದಿಗಳು ಸೊಟ್ಟಗಾಗಿರುತ್ತವೆ. ಕುದಿನೀರು ಬೇಡ. ಕೈ ತಡೆಯುವಷ್ಟು ಬಿಸಿನೀರಿನಲ್ಲಿ ಅದ್ದಿ, ಹಲಗೆಗೆ ಟೇಪ್ ಹಾಕಿ ತಣ್ಣೀರಿಗೆ ಹಿಡಿಯಿರಿ. ಒಂದೇ ಸಲಕ್ಕೆ ನೆಟ್ಟಗಾಗದಿದ್ದರೆ ಮತ್ತೊಮ್ಮೆ. ಬಾಗಿಲಿನ ಕೀಲಿಗೆ ಅಂಟು ಹರಿದರೆ ಅದು ಮತ್ತೆ ಅಲ್ಲಾಡದು, ಮೊದಲೇ ಚೂರು ವ್ಯಾಸಲಿನ್ ಸವರಿ. ಬಾಗಿಲಿನ ಕೇಬಲ್ಲಿಗೆ ಕೊಟ್ಟ ದಾರದಲ್ಲಿ ಜುಂಗು ಎದ್ದಿದೆ, ಬಣ್ಣ ಬಿದ್ದ ಮೇಲೆ ಹಗ್ಗದಂತೆ ಕಾಣುತ್ತದೆ. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ತೆಳು ತಾಮ್ರದ ತಂತಿಯ ತುಂಡು ಕೇಳಿ, ಅದೇ ಒಳ್ಳೆಯದು. ಬೋರ್‌ವೆಲ್ ನೀರಿನಲ್ಲಿ ಡೆಕಾಲ್ ನೆನೆಸಿದರೆ ಆರಿದ ಮೇಲೆ ಬಿಳಿ ಕಲೆ ನಿಲ್ಲುತ್ತದೆ, ಫಿಲ್ಟರ್ ನೀರು ಬಳಸಿ. ಸಮುದ್ರ ತೋರಿಸಲು ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ದ್ರವ) ಸುರಿಯುವವರು ಒಂದೇ ಸಲ ದಪ್ಪಗೆ ಸುರಿಯಬಾರದು: ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ, ನಮ್ಮ ಬೇಸಿಗೆಯ ಸೆಕೆ ಸೇರಿದರೆ ಬಿರುಕು ಬಿಡುತ್ತದೆ. 3 ಮಿಲಿಮೀಟರಿನ ಪದರಗಳು ಸಾಕು.

ಹರಿಹರದ ಹೊಳೆಮರಳು ಕೈಗೆ ಸಿಗುತ್ತದೆಂದು ತೀರಕ್ಕೆಲ್ಲ ಹರಡಬೇಡಿ. ಈ ಅಳತೆಗೆ ಅದರ ಕಾಳು ಬೆಣಚುಕಲ್ಲಿನಷ್ಟು ದಪ್ಪ. ಒಮಾಹಾದ ಮೇಲ್ದಡದ ಕಲ್ಲಿನ ದಿಬ್ಬಕ್ಕೆ ಅದು ಸರಿ. ಮರಳಿಗೆ ಟೈಲ್ಸ್ ಗ್ರೌಟ್ ಪುಡಿ ಉದುರಿಸಿ.