ಕನ್ನಡ ಸತ್ಯವೇದ: ನಿಜವಾದ ಕ್ರೈಸ್ತ ಯಾರೆಂದು ತಿಳಿಯಬೇಕೆಂದವರಿಗೆ

1837ರಲ್ಲೇ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಬಂದ ಧಾರವಾಡದಲ್ಲಿ ಕನ್ನಡ ಸತ್ಯವೇದಕ್ಕಾಗಿ, ಅಂದರೆ ಬೈಬಲ್‌ಗಾಗಿ, ಅಲೆಯಬೇಕಿಲ್ಲ. ದೊಡ್ಡಕ್ಷರದ ಪ್ರತಿಯನ್ನೇ ಕೇಳಿ. ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳು. ಜೆಲ್ ಪೆನ್ನಿನ ಶಾಯಿ ಹಿಂಬದಿಗೆ ಇಳಿಯುತ್ತದೆ, ಗುರುತಿಗೆ ಪೆನ್ಸಿಲೇ ಸರಿ.

ಮೊದಲ ಪುಟದಿಂದ ಹಿಡಿದವರು ಮೂರನೇ ಪುಸ್ತಕವಾದ ಯಾಜಕಕಾಂಡದ ಬಲಿನಿಯಮಗಳಲ್ಲಿ ಸಿಕ್ಕಿಕೊಂಡು ಓದು ಬಿಟ್ಟುಬಿಡುತ್ತಾರೆ. ಅದರ ಬದಲು ಮತ್ತಾಯನ ಸುವಾರ್ತೆಯ 5ರಿಂದ 7ನೇ ಅಧ್ಯಾಯ, ಆಮೇಲೆ 25ನೇ ಅಧ್ಯಾಯ, ನಂತರ ಯಾಕೋಬನ ಪತ್ರಿಕೆಯ ಐದೂ ಅಧ್ಯಾಯ ಓದಿ. ಬಾಯಲ್ಲಿ ‘ಕರ್ತನೇ’ ಅಂದರೆ ಸಾಲದು, ತಂದೆಯಾದ ದೇವರ ಚಿತ್ತದಂತೆ ನಡೆಯಬೇಕು ಎಂದು ಮತ್ತಾಯ 7:21 (7ನೇ ಅಧ್ಯಾಯದ 21ನೇ ವಚನ) ಖಡಾಖಂಡಿತವಾಗಿ ಹೇಳುತ್ತದೆ. ಹಸಿದವರಿಗೆ ಊಟ, ಬಟ್ಟೆಯಿಲ್ಲದವರಿಗೆ ಬಟ್ಟೆ, ಸೆರೆಯಲ್ಲಿರುವವರ ಭೇಟಿ: 25ನೇ ಅಧ್ಯಾಯದ ಒರೆಗಲ್ಲು ಇದು. ಈ ಅಧ್ಯಾಯವನ್ನು ಎರಡು ಸಲ ಓದಲೇಬೇಕು.

ಹಳೆಯ ಅನುವಾದದ ಕನ್ನಡ ಗಂಭೀರ, ಹೊಸಬರಿಗೆ ಬಿಗಿ. ಅವರಿಗೆ ಸರಳ ಅನುವಾದದ್ದು ಕೊಡಿಸಿ.