ಚಂದ್ರನ ಮೇಲೊಂದು ರೆವೆನ್ಯೂ ಸೈಟು: "ಕುಳಿಗೆ ನಿಮ್ಮ ಹೆಸರು" ಗಿಫ್ಟ್ ಸರ್ಟಿಫಿಕೇಟ್ ರಿವ್ಯೂ

ಐದಕ್ಕೆ ಒಂದು ಸ್ಟಾರ್. ಆ ಒಂದು ಸ್ಟಾರೂ ಜೊತೆಗೆ ಬಂದ ಕೀಚೈನಿಗೆ, ಅದು ಪರವಾಗಿಲ್ಲ, ಗಾಡಿ ಕೀಗೆ ಹಾಕ್ಕೊಂಡಿದೀನಿ. ಕಂಪನಿ ಹೆಸರು ಹಾಕಲ್ಲ, ದುಡ್ಡು ವಾಪಸ್ ಕೇಳೋ ಮಾತುಕತೆ ಇನ್ನೂ ನಡೀತಿದೆ, ಆದ್ರೆ ಈ ಥರದ್ದನ್ನ ಮಾರೋರು ಒಬ್ರಲ್ಲ ಇಬ್ರಲ್ಲ, ಹಾಗಾಗಿ ಯಾರ ಹತ್ರನೇ ಆದ್ರೂ ಆರ್ಡರ್ ಮಾಡೋಕ್ ಮುಂಚೆ ಒಂದ್ಸಲ ಓದ್ಬಿಡಿ.

ಮಗಳಿಗೆ ಎಂಟು ತುಂಬ್ತು. ಚಂದ್ರಯಾನ-3 ಇಳಿದಾಗ ಸ್ಕೂಲಲ್ಲಿ ಟಿವಿ ಹಾಕಿ ತೋರಿಸಿದ್ರಲ್ಲ, ಅವತ್ತಿಂದ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ ಅವಳಿಗೆ. ಬರ್ತ್‌ಡೇಗೆ ಮತ್ತೆ ಬಾರ್ಬಿ ಸೈಕಲ್ಲು ಅಂತ ಬೇಡ ಅನ್ಕೊಂಡು ರಾತ್ರಿ ಹನ್ನೊಂದಕ್ಕೆ ಫೋನ್ ಉಜ್ತಾ ಇದ್ದಾಗ ಇದು ಕಾಣಿಸ್ತು, ಚಂದ್ರನ ಮೇಲಿನ ಒಂದು ಕುಳಿಗೆ ನಿಮ್ಮ ಮಗುವಿನ ಹೆಸರು, "ಅಧಿಕೃತ ನೋಂದಣಿ", 2,499 ರೂಪಾಯಿ, ಡೆಲಿವರಿ ಬೇರೆ. ಹಾಕ್ಬಿಟ್ಟೆ. ಹೆಂಡ್ತಿಗೆ ಬೆಳಿಗ್ಗೆ ಹೇಳಿದೆ, "ಏನ್ರೀ, ಇಲ್ಲಿ ಒಂದು ಸೈಟ್ ತಗೊಳಕ್ಕಾಗ್ಲಿಲ್ಲ, ಅಲ್ಲಿ ತಗೊಂಡ್ರಾ" ಅಂದ್ಳು. ಇದನ್ನ ನೆನಪಿಟ್ಕೊಳಿ.

ಒಂಬತ್ತು ದಿನಕ್ಕೆ ಕೊರಿಯರ್ ಬಂತು. ದಪ್ಪ ಪೇಪರ್ರು, ಚಿನ್ನದ ಬಣ್ಣದ ಸ್ಟಿಕ್ಕರ್ ಸೀಲು, ಯಾರದ್ದೋ ಓದಕ್ಕಾಗದ ಸಹಿ, ಒಂದು ಚಂದ್ರನ ಮ್ಯಾಪು, ಕೀಚೈನು. ಅಮೂಲ್ಯ ಅನ್ನೋ ಹೆಸರನ್ನ ಅಮುಲ್ಯ ಅಂತ ಬರೆದಿದ್ರು, ಬೆಣ್ಣೆ ಪ್ಯಾಕೆಟ್ ಥರ. ಮಗಳು ಅದನ್ನ ನೋಡ್ಲೇ ಇಲ್ಲ. ಅವಳು ಕೇಳಿದ್ದು ಒಂದೇ, "ಅಪ್ಪ, ಎಲ್ಲಿದೆ ತೋರ್ಸು".

ಸರಿ, ಸರ್ಟಿಫಿಕೇಟಲ್ಲಿ ಅಕ್ಷಾಂಶ ರೇಖಾಂಶ ಕೊಟ್ಟಿದಾರಲ್ಲ ಅಂತ ಇಬ್ರೂ ಲ್ಯಾಪ್‌ಟಾಪ್ ಮುಂದೆ ಕೂತ್ವಿ. 24.7 ಡಿಗ್ರಿ ಉತ್ತರ, 21 ಡಿಗ್ರಿ ಪೂರ್ವ. ಸೀ ಆಫ್ ಸೆರೆನಿಟಿ ಅಂತಾರಲ್ಲ, ಚಂದ್ರನ ಮುಖದ ಮೇಲೆ ಕಾಣೋ ದೊಡ್ಡ ಕಪ್ಪು ಮಚ್ಚೆಗಳಲ್ಲಿ ಒಂದು (ನೀರಿಲ್ಲ, ಗಟ್ಟಿಯಾದ ಲಾವಾ), ಅದರೊಳಗೆ ಪಾಯಿಂಟ್ ಹೋಗಿ ನಿಂತ್ಕೊಳ್ತು. ಅಲ್ಲಿ ಒಂದು ಪುಟ್ಟ ದುಂಡನೆ ಕುಳಿ. ಮೇಲೆ ಆಗ್ಲೇ ಹೆಸರಿದೆ. ಸಾರಾಭಾಯ್.

ಅಂದ್ರೆ ಯಾವ ಸಾರಾಭಾಯ್ ಅಂತ ಕೇಳೋದೇ ಬೇಡ. ನಮ್ಮ ದೇಶದ ಬಾಹ್ಯಾಕಾಶದ ಕೆಲಸ ಶುರು ಮಾಡಿದ ವಿಕ್ರಮ್ ಸಾರಾಭಾಯ್, 1971ರ ಡಿಸೆಂಬರ್‌ನಲ್ಲಿ ತೀರ್ಕೊಂಡ್ರು, 1973ರಲ್ಲಿ ಅವರ ಹೆಸರನ್ನ ಈ ಕುಳಿಗೆ ಇಟ್ರು. ಇಸ್ರೋ ಹೆಡ್ಡಾಫೀಸ್ ಇರೋ ಊರಲ್ಲಿ ಕೂತಿರೋ ನನಗೆ, ಸಾರಾಭಾಯ್ ಹೆಸರಿನ ಜಾಗನೇ ಎರಡೂವರೆ ಸಾವಿರಕ್ಕೆ ಮಾರಿದಾರೆ. ನಮ್ಮ ಮಾವ ಯಾವಾಗ್ಲೂ ಹೇಳ್ತಿರ್ತಾರೆ, ಇಸಿ (ಸೈಟಿನ ಋಣಭಾರ ಪತ್ರ) ತೆಗೆಸಿ ನೋಡ್ದೆ ಅಡ್ವಾನ್ಸ್ ಕೊಡಬೇಡಪ್ಪ ಅಂತ. ಕೇಳಬೇಕಿತ್ತು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ಪಾಪ ಆ ಹುಡುಗಿ ತುಂಬಾ ಪೊಲೈಟು, "ಸರ್, ನಮ್ಮ ರಿಜಿಸ್ಟರಲ್ಲಿ ಅದು ಖಾಲಿ ತೋರಿಸ್ತಿದೆ ಸರ್" ಅಂದ್ಳು. ನಿಮ್ಮ ರಿಜಿಸ್ಟರ್ ಅಂದ್ರೆ ಯಾವುದಮ್ಮ ಅಂದೆ. "ಕಂಪನಿ ರಿಜಿಸ್ಟರ್ ಸರ್". ಬೇಕಾದ್ರೆ ಬೇರೆ ಕುಳಿ ಕೊಡ್ತೀವಿ, ರೀಪ್ರಿಂಟ್ ಚಾರ್ಜ್ 300 ಆಗತ್ತೆ ಅಂದ್ಳು. ಇದಕ್ಕಿಂತ ಬಿ ಖಾತಾ ವಾಸಿ.

ಆಮೇಲೆ ಸಿಟ್ಟಲ್ಲಿ ಎರಡು ರಾತ್ರಿ ಕೂತು ಓದಿದೆ, ಅದನ್ನೂ ಹೇಳ್ಬಿಡ್ತೀನಿ. ಚಂದ್ರನ ಮೇಲೆ ಹೆಸರಿಡೋ ಅಧಿಕಾರ ಇರೋದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟಕ್ಕೆ, 1919ರಲ್ಲಿ ಶುರುವಾದ ಸಂಸ್ಥೆ, ಐಎಯು ಅಂತಾರೆ. ಅವರು ಹೆಸರು ಮಾರಲ್ಲ. ಒಂದು ರೂಪಾಯಿಗೂ ಇಲ್ಲ. ಕುಳಿಗೆ ಯಾರದ್ದಾದ್ರೂ ಹೆಸರು ಇಡಬೇಕಂದ್ರೆ ಅವರು ವಿಜ್ಞಾನಿನೋ ವಿದ್ವಾಂಸರೋ ಕಲಾವಿದರೋ ಆಗಿರಬೇಕು, ತೀರ್ಕೊಂಡು ಕನಿಷ್ಠ ಮೂರು ವರ್ಷ ಆಗಿರಬೇಕು, ಇವತ್ತಿನ ರೂಲು ಅದು. ಇದನ್ನ ಹೆಂಡ್ತಿಗೆ ಓದಿ ಹೇಳಿದ್ದೇ ತಪ್ಪಾಯ್ತು, ಮಗು ಹೆಸರಲ್ಲಿ ಎಂಥ ಅಪಶಕುನದ ಗಿಫ್ಟ್ ತಂದಿದೀರ ಅಂತ ಅರ್ಧ ಗಂಟೆ ಕ್ಲಾಸು. ಅಷ್ಟೇ ಯಾಕೆ, ವಿಕ್ರಮ್ ಲ್ಯಾಂಡರ್ ಇಳಿದ ಜಾಗಕ್ಕೆ ಶಿವಶಕ್ತಿ ಅಂತ ಪ್ರಧಾನಿ 2023ರ ಆಗಸ್ಟಲ್ಲೇ ಹೇಳಿದ್ರಲ್ಲ, ಐಎಯು ಅದನ್ನ ಒಪ್ಪಿದ್ದು 2024ರ ಮಾರ್ಚಲ್ಲಿ. ಇನ್ನು ನನ್ನ ಚಿನ್ನದ ಸ್ಟಿಕ್ಕರ್ ಯಾವ ಲೆಕ್ಕ.

ಸಾರಾಭಾಯ್ ಅಂತ ಆಗೋಕ್ ಮುಂಚೆ ಈ ಕುಳಿಗೆ ಬೆಸೆಲ್ ಎ ಅಂತ ಹೆಸರಿತ್ತು. ಪಕ್ಕದಲ್ಲಿ ಬೆಸೆಲ್ ಅಂತ ಸ್ವಲ್ಪ ದೊಡ್ಡ ಕುಳಿ ಇದೆ, 16 ಕಿಲೋಮೀಟರ್ ಅಗಲ, ಜರ್ಮನಿಯ ಖಗೋಳಜ್ಞನ ಹೆಸರು. ಸುತ್ತಮುತ್ತ ಇರೋ ಹೆಸರಿಲ್ಲದ ಚಿಕ್ಕವಕ್ಕೆಲ್ಲ ಹತ್ತಿರದ ದೊಡ್ಡ ಕುಳಿಯ ಹೆಸರಿಗೆ ಒಂದು ಅಕ್ಷರ ಅಂಟಿಸಿ ಬಿಟ್ಟಿರ್ತಾರೆ, ನಮ್ಮ ಏರಿಯಾದಲ್ಲಿ 14ನೇ ನಂಬರ್ ಮನೆ ಪಕ್ಕದಲ್ಲಿ ಇನ್ನೊಂದು ಎದ್ರೆ 14/ಎ ಅಂತ ಬೋರ್ಡ್ ಬೀಳತ್ತಲ್ಲ ಹಾಗೇನೆ. ಮ್ಯಾಪಲ್ಲಿ ಆ ಅಕ್ಷರವನ್ನ ಕುಳಿಯ ಯಾವ ಪಕ್ಕ ಬರೀಬೇಕು ಅನ್ನೋದಕ್ಕೂ ಲೆಕ್ಕ ಇದೆ, ಯಜಮಾನ ಕುಳಿ ಯಾವ ಕಡೆ ಇದೆಯೋ ಆ ಕಡೆಗೆ, ಆಗ ಇದು ಯಾರ ಪೈಕಿ ಅಂತ ನೋಡಿದ ತಕ್ಷಣ ಗೊತ್ತಾಗತ್ತೆ. ನಮ್ಮ ಪಾಲಿಕೆಯೋರು ನೋಡಿ ಕಲೀಬೇಕು. ವಿಜ್ಞಾನಿ ಸಿ.ವಿ. ರಾಮನ್ ಹೆಸರಿನ ಕುಳಿನೂ ಹೀಗೆ ಬಡ್ತಿ ಸಿಕ್ಕಿದ್ದೇ, ಮೊದಲು ಹೆರೊಡೋಟಸ್ ಡಿ ಆಗಿತ್ತಂತೆ, 1976ರಲ್ಲಿ ರಾಮನ್ ಆಯ್ತು. ಮೇಖ್ರಿ ಸರ್ಕಲ್ ಹತ್ರ ದಿನಾ ಟ್ರಾಫಿಕಲ್ಲಿ ನಿಂತ್ಕೊಂಡು ಅವರ ಇನ್‌ಸ್ಟಿಟ್ಯೂಟ್ ಬೋರ್ಡ್ ನೋಡ್ತೀನಿ, ಇದು ಗೊತ್ತೇ ಇರ್ಲಿಲ್ಲ.

ಹೊಟ್ಟೆ ಉರಿಸಿದ್ದು ಇನ್ನೊಂದು. ತೀರಾ ಚಿಕ್ಕ ಕುಳಿಗಳಿಗೆ ಐಎಯುನೇ ಸಾಮಾನ್ಯ ಜನರ ಹೆಸರು ಇಟ್ಟಿದೆ, ಯಾರೋ ಒಬ್ಬ ವ್ಯಕ್ತಿದಲ್ಲ, ಬರೀ ಹೆಸರು. ಅದರಲ್ಲಿ ಎರಡೂವರೆ ಕಿಲೋಮೀಟರಿನ ಒಂದು ಕುಳಿ ಹೆಸರು ರವಿ. ಭಾರತದ ಗಂಡಸರ ಹೆಸರು ಅಂತ್ಲೇ ಪಟ್ಟಿಯಲ್ಲಿ ಬರೆದಿದೆ. ನನ್ನ ಭಾವಮೈದನ ಹೆಸರೂ ರವಿ. "ಭಾವ, ನಾನು ಒಂದ್ ಪೈಸೆ ಕೊಟ್ಟಿಲ್ಲ ನೋಡಿ" ಅಂತ ಫ್ಯಾಮಿಲಿ ಗ್ರೂಪಲ್ಲಿ ಹಾಕಿದ. ನಮ್ಮೂರ ರಸ್ತೆ ಗುಂಡಿಗೆ ಹೆಸರಿಡಿ ಅನ್ನೋ ಜೋಕನ್ನೂ ಅವನೇ ಹೊಡೆದಾಯ್ತು, ನೀವು ಕಾಮೆಂಟಲ್ಲಿ ಹೊಡೀಬೇಡಿ.

ಆದ್ರೆ ಮಗಳಿಗೆ ತೋರಿಸ್ತೀನಿ ಅಂದಿದ್ದೆನಲ್ಲ. ರಾಜಾಜಿನಗರದಲ್ಲಿ ಒಬ್ಬ ಫ್ರೆಂಡ್ ಹತ್ರ ನಾಲ್ಕೂವರೆ ಇಂಚಿನ ಟೆಲಿಸ್ಕೋಪ್ ಇದೆ, ಅವನು ಕ್ಯಾಲೆಂಡರ್ ನೋಡಿ ರಥಸಪ್ತಮಿ ಸಂಜೆ ಬನ್ನಿ ಅಂದ. ಹುಣ್ಣಿಮೆ ದಿನ ಬಂದ್ರೆ ಪ್ರಯೋಜನ ಇಲ್ವಂತೆ, ಬಿಸಿಲು ನೆತ್ತಿ ಮೇಲಿಂದ ಬಿದ್ರೆ ನೆರಳಿರಲ್ಲ, ನೆರಳಿಲ್ದೆ ಕುಳಿ ಕಾಣಲ್ಲ. ಬೆಳಿಗ್ಗೆ ತಲೆ ಮೇಲೆ ಎಕ್ಕದೆಲೆ ಇಟ್ಕೊಂಡು ಸ್ನಾನ ಮಾಡಿದ ಹುಡುಗಿ ಸಂಜೆ ಏಳಕ್ಕೆ ಅವರ ಟೆರೇಸಲ್ಲಿ, ನೀರಿನ ಟ್ಯಾಂಕ್ ಪಕ್ಕ ಸ್ಟೂಲ್ ಹತ್ತಿ ನಿಂತಿದ್ಳು. 90 ಪಟ್ಟು ದೊಡ್ಡದಾಗಿ ಕಾಣೋ ಲೆನ್ಸ್ ಹಾಕಿ, ತಲೆಕೆಳಗಾಗಿರೋ ಚಂದ್ರನಲ್ಲಿ ಮೊದಲು ಬೆಸೆಲ್ ಹಿಡಿದು, ಅಲ್ಲಿಂದ ಈಶಾನ್ಯಕ್ಕೆ ಹುಡುಕ್ತಾ ಹೋದ. ಮೂರು ಸಲ ಯಾರೋ ಮೆಟ್ಟಿಲು ಹತ್ತಿದ್ದಕ್ಕೆ ಚಿತ್ರ ಅಲ್ಲಾಡ್ತು. ಕೊನೆಗೆ ಸಿಕ್ತು, ಸಾಸಿವೆ ಕಾಳಿನಷ್ಟು, ಒಂದು ಪಕ್ಕ ಕಪ್ಪಗೆ, ಇನ್ನೊಂದು ಪಕ್ಕ ಉಗುರು ಕತ್ತರಿಸಿದ ತುಂಡಿನ ಥರ ಬೆಳ್ಳಗೆ ಒಂದು ಗೆರೆ. ಅಷ್ಟೇ ಕಾಣೋದು.

ಅಷ್ಟೇ ಆದ್ರೂ ಅದು 8 ಕಿಲೋಮೀಟರ್ ಅಗಲ, ಹೆಚ್ಚುಕಮ್ಮಿ ಮೆಜೆಸ್ಟಿಕ್‌ನಿಂದ ಬನಶಂಕರಿ. 2020ರಲ್ಲಿ ಚಂದ್ರಯಾನ-2 ಮೇಲಿಂದ ಫೋಟೋ ತೆಗೆದು ಅಳತೆ ಹಾಕಿತ್ತು, ಅಂಚಿಂದ ತಳಕ್ಕೆ ಸುಮಾರು 1.7 ಕಿಲೋಮೀಟರ್ ಆಳ, ಗೋಡೆ 25ರಿಂದ 35 ಡಿಗ್ರಿ ಇಳಿಜಾರು. ನಂದಿಬೆಟ್ಟದ 1,478 ಮೀಟರನ್ನ ಸಮುದ್ರ ಮಟ್ಟದಿಂದ ಪೂರ್ತಿ ಕಿತ್ತು ಅದರೊಳಗೆ ಇಟ್ರೂ ತುದಿ ಆಚೆ ಕಾಣಲ್ಲ. ಟೈಕೋ, ಕೋಪರ್ನಿಕಸ್ ಥರದ ದೊಡ್ಡ ಕುಳಿಗಳಲ್ಲಿ ನಡುವೆ ಬೆಟ್ಟ, ಗೋಡೆಯಲ್ಲಿ ಮೆಟ್ಟಿಲು ಎಲ್ಲಾ ಇರತ್ತೆ, ಇಷ್ಟು ಚಿಕ್ಕದರಲ್ಲಿ ಅದೇನೂ ಇಲ್ಲ, ಒಂದು ಬಟ್ಟಲು. ನನಗೆ ಅದೇ ಇಷ್ಟ ಆಯ್ತು.

ಮಗಳು ಹತ್ತು ನಿಮಿಷ ಕಣ್ಣು ತೆಗೀಲಿಲ್ಲ. ಇದು ನಿನ್ನ ಹೆಸರಿಂದಲ್ಲ ಪುಟ್ಟಿ ಅಂತ ಅಲ್ಲೇ ಹೇಳಿದೆ. "ಗೊತ್ತು ಅಪ್ಪ, ನಾನೇ ಓದಿದ್ನಲ್ಲ ಅವತ್ತು" ಅಂದು, ರವಿ ಮಾಮನ್ದು ಎಲ್ಲಿದೆ ಅಂತ ಕೇಳಿದ್ಳು. ಅದು ಈ ಟೆಲಿಸ್ಕೋಪಿಗೆ ಸಿಗಲ್ಲ ಅಂದಾಗ ನನಗೆ ಸ್ವಲ್ಪ ಸಮಾಧಾನ ಆಯ್ತು, ಸುಳ್ಳು ಯಾಕೆ ಹೇಳ್ಲಿ.

ಸರ್ಟಿಫಿಕೇಟ್ ಹಿಂದೆ ಖಾಲಿ ಇತ್ತು, ಅದರ ಮೇಲೆ ಅವಳು ಅವತ್ತು ನೋಡಿದ್ದನ್ನ ಪೆನ್ಸಿಲಲ್ಲಿ ಬರೆದು ಗೋಡೆಗೆ ಅಂಟಿಸಿದಾಳೆ, ಪೇಪರ್ ಕ್ವಾಲಿಟಿ ಚೆನ್ನಾಗಿದೆ, ಬಣ್ಣ ಹಾಕಿದ್ರೂ ಸುಕ್ಕಾಗಿಲ್ಲ. ರೀಫಂಡಿಗೆ ಒರಿಜಿನಲ್ ಸರ್ಟಿಫಿಕೇಟ್ ವಾಪಸ್ ಕಳಿಸಿ ಅಂತ ಮೊನ್ನೆ ಮೇಲ್ ಬಂದಿದೆ, ಈಗ ಅದನ್ನ ಗೋಡೆಯಿಂದ ಯಾರು ಕೀಳ್ತಾರೆ.